ಬ್ಯಾಂಕ್ಸಿಯಾವನ್ನು ಗುರುತಿಸುವ ಕ್ರಮ: ಬುಡದಿಂದ ಒಣಗಿದ ದಿಂಡಿನವರೆಗೆ

ಸಿಡ್ನಿ, ಮೆಲ್ಬರ್ನ್, ಪರ್ತ್‌ಗಳಲ್ಲಿ ನೆಲೆಸಿರುವ ಕನ್ನಡಿಗರೂ, ಮಕ್ಕಳ ಮನೆಗೆಂದು ಹೋಗಿ ಕೆಲವು ತಿಂಗಳು ಅಲ್ಲಿದ್ದು ಬರುವ ತಂದೆತಾಯಂದಿರೂ ಸಂಜೆಯ ನಡಿಗೆಯಲ್ಲಿ ಮತ್ತೆ ಮತ್ತೆ ಕಂಡು, ಹೆಸರು ವಿಚಾರಿಸದೆ ದಾಟಿಹೋಗುವ ಗಿಡಗಳಲ್ಲಿ ಬ್ಯಾಂಕ್ಸಿಯಾ ಮುಖ್ಯವಾದದ್ದು. ಗೇಣುದ್ದದ ಹಳದಿ, ಕಿತ್ತಳೆ ಅಥವಾ ಕೆಂಪು ಹೂತೆನೆ ನೆಟ್ಟಗೆ ನಿಂತಿರುತ್ತದೆ. ಅದರ ಪಕ್ಕದ ಕೊಂಬೆಯಲ್ಲಿಯೇ ಹಿಂದಿನ ವರ್ಷಗಳ ಒಣ ದಿಂಡುಗಳು ಬೂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಉಬ್ಬಿದ ಗಟ್ಟಿ ಕಾಯಿಗಳನ್ನು ಹೊತ್ತು ಕುಳಿತಿರುತ್ತವೆ. ನೋಡುವವರು ಸಾಮಾನ್ಯವಾಗಿ ಹೂವಿನ ಚಿತ್ರವನ್ನಷ್ಟೇ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಹೂವು ಆ ಗಿಡದ ಒಂದು ಋತುವಿನ ಸಂಗತಿಯನ್ನು ಮಾತ್ರ ಹೇಳುತ್ತದೆ. ಮಣ್ಣು, ಬೆಂಕಿ, ಮಳೆಗಳೊಡನೆ ಅದು ಹೇಗೆ ಬಾಳುತ್ತಿದೆ ಎಂಬುದು ತಿಳಿಯುವುದು ಒಣ ದಿಂಡಿನಿಂದ. ಎದುರಿಗಿರುವ ಬ್ಯಾಂಕ್ಸಿಯಾವನ್ನು ಯಾವ ಕ್ರಮದಲ್ಲಿ ನೋಡಿದರೆ ಅದರ ಹೆಸರೂ ಅದರ ಬಾಳುವೆಯ ರೀತಿಯೂ ಒಟ್ಟಿಗೆ ತಿಳಿದೀತು ಎಂಬುದನ್ನು ಈ ಲೇಖನದಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದೆ.

ಹೊರಡುವ ಮುನ್ನ ತಿಳಿದಿರಬೇಕಾದದ್ದು

ಬ್ಯಾಂಕ್ಸಿಯಾ ಪ್ರೋಟಿಯೇಸಿ ಎಂಬ ಸಸ್ಯ ಕುಟುಂಬಕ್ಕೆ ಸೇರಿದ ಕುಲ. ಈ ಕುಟುಂಬ ನಮಗೆ ಅಪರಿಚಿತವೇನಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕಾಗಿಯೂ ಬೆಳೆಸುವ ಸಿಲ್ವರ್ ಓಕ್ ಮರ ಪೂರ್ವ ಆಸ್ಟ್ರೇಲಿಯಾದಿಂದ ಬಂದದ್ದು ಮತ್ತು ಇದೇ ಕುಟುಂಬದ್ದು. ಆದ್ದರಿಂದ ಆಸ್ಟ್ರೇಲಿಯಾಕ್ಕೆ ಹೊರಡುವ ಮೊದಲೇ ಊರಿನಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಬೇಸಗೆಯಲ್ಲಿ ಸಿಲ್ವರ್ ಓಕ್ ಹೂ ಬಿಟ್ಟಾಗ ಒಂದು ಗೊಂಚಲನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹೂವನ್ನು ನೋಡಬೇಕು. ನಾಲ್ಕು ಕಿರಿದಾದ ದಳಗಳು, ಆ ದಳಗಳ ತುದಿಯ ಒಳಬದಿಗೇ ಅಂಟಿಕೊಂಡ ಪರಾಗಕೋಶಗಳು, ದಳಗಳ ನಡುವಿನಿಂದ ಬಿಲ್ಲಿನಂತೆ ಬಾಗಿ ಹೊರಬರುವ ಉದ್ದನೆಯ ಶಲಾಕೆ (ಹೂವಿನ ಹೆಣ್ಣುಭಾಗದ ದಂಟು) ಇವಿಷ್ಟನ್ನು ಗುರುತಿಸಲು ಬಂದರೆ ಬ್ಯಾಂಕ್ಸಿಯಾ ಹೂವಿನ ರಚನೆಯ ಮುಕ್ಕಾಲು ಪಾಲು ಅರ್ಥವಾದಂತೆಯೇ ಸರಿ.

ಈ ಕುಲಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವರಿಂದ. ಜೇಮ್ಸ್ ಕುಕ್ ನಾಯಕತ್ವದ ಎಂಡೆವರ್ ಹಡಗು 1770ರ ಏಪ್ರಿಲ್ ಕೊನೆಯಲ್ಲಿ ಈಗಿನ ಸಿಡ್ನಿಯ ದಕ್ಷಿಣಕ್ಕಿರುವ ಬಾಟನಿ ಬೇ ಎಂಬ ಕೊಲ್ಲಿಗೆ ಬಂದಾಗ ಬ್ಯಾಂಕ್ಸ್ ಮತ್ತು ಅವರ ಜೊತೆಗಾರ ಸಸ್ಯವಿಜ್ಞಾನಿ ಡೇನಿಯಲ್ ಸೊಲಾಂಡರ್ ಅಲ್ಲಿ ಇದರ ಮಾದರಿಗಳನ್ನು ಸಂಗ್ರಹಿಸಿದರು. 1782ರಲ್ಲಿ ಪ್ರಸಿದ್ಧ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಅವರ ಮಗ ಕಿರಿಯ ಲಿನೇಯಸ್ ಈ ಕುಲವನ್ನು ವಿವರಿಸಿ ಸೆರೇಟಾ, ಇಂಟೆಗ್ರಿಫೋಲಿಯಾ, ಎರಿಸಿಫೋಲಿಯಾ, ಡೆಂಟಾಟಾ ಎಂಬ ನಾಲ್ಕು ಪ್ರಭೇದಗಳಿಗೆ ಹೆಸರಿಟ್ಟರು. ಇದು ಯುರೋಪಿನ ವಿಜ್ಞಾನದ ದಾಖಲೆ ಮಾತ್ರ. ನೈಋತ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ನೂಂಗಾರ್ ಜನರು ಇದಕ್ಕೂ ಬಹಳ ಹಿಂದಿನಿಂದ ಬ್ಯಾಂಕ್ಸಿಯಾ ಹೂತೆನೆಗಳನ್ನು ನೀರಿನಲ್ಲಿ ನೆನೆಸಿ ಸಿಹಿ ಪಾನೀಯ ಮಾಡಿಕೊಳ್ಳುತ್ತಿದ್ದರು; ಯಾವುದು ಯಾವಾಗ ಅರಳುತ್ತದೆ, ಯಾವುದರಲ್ಲಿ ಮಕರಂದ ಹೆಚ್ಚು ಎಂಬ ತಿಳಿವಳಿಕೆ ಅವರಲ್ಲಿ ತಲೆಮಾರುಗಳಿಂದ ಬಂದದ್ದು.

ಈಗ ಒಪ್ಪಿತವಾಗಿರುವ ಲೆಕ್ಕದಂತೆ ಈ ಕುಲದಲ್ಲಿ ಸುಮಾರು 170 ಪ್ರಭೇದಗಳಿವೆ. ಹಳೆಯ ಕೈಪಿಡಿಗಳಲ್ಲಿ ಇದರ ಅರ್ಧದಷ್ಟೂ ಕಾಣುವುದಿಲ್ಲ. ಆಸ್ಟಿನ್ ಮಾಸ್ಟ್ ಮತ್ತು ಕೆವಿನ್ ಥೀಲ್ ಎಂಬ ಸಸ್ಯವಿಜ್ಞಾನಿಗಳು 2007ರಲ್ಲಿ ಡ್ರಯಾಂಡ್ರಾ ಎಂಬ ಇಡೀ ಕುಲವನ್ನು ಬ್ಯಾಂಕ್ಸಿಯಾದೊಳಗೆ ಸೇರಿಸಿದ್ದೇ ಇದಕ್ಕೆ ಕಾರಣ. ಹಾಗೆ ಸೇರಿಸುವಾಗ ಕೆಲವು ಗಿಡಗಳಿಗೆ ಪೂರ್ತಿ ಹೊಸ ಹೆಸರನ್ನೇ ಕೊಡಬೇಕಾಯಿತು. ಬ್ಯಾಂಕ್ಸಿಯಾ ಸ್ಪೀಸಿಯೋಸಾ ಎಂಬ ಹೆಸರು ಮೊದಲೇ ಬಳಕೆಯಲ್ಲಿದ್ದುದರಿಂದ ಡ್ರಯಾಂಡ್ರಾ ಸ್ಪೀಸಿಯೋಸಾ ಈಗ ಬ್ಯಾಂಕ್ಸಿಯಾ ಸ್ಪ್ಲೆಂಡಿಡಾ ಆಗಿದೆ. ಗ್ರಂಥಾಲಯದಿಂದ ಕೈಪಿಡಿ ತರುವವರು ಮೊದಲು ಅದರ ಮುದ್ರಣದ ವರ್ಷವನ್ನು ನೋಡಿಕೊಳ್ಳುವುದು ಒಳ್ಳೆಯದು.

ಜೊತೆಗೆ ಒಯ್ಯಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಸಣ್ಣ ಅಳತೆಪಟ್ಟಿ, ಟಿಪ್ಪಣಿ ಪುಸ್ತಕ, ಮತ್ತು ಮಣ್ಣು ಚೂರೂ ಉಳಿಯದಂತೆ ಉಜ್ಜಿ ತೊಳೆದ ಬೂಟುಗಳು. ಬೂಟಿನ ಮಾತನ್ನು ಮುಂದೆ ವಿವರವಾಗಿ ಹೇಳಲಾಗಿದೆ. ಅದು ಉಳಿದೆಲ್ಲ ಸಾಮಗ್ರಿಗಿಂತ ಮುಖ್ಯ.

ಮೊದಲ ಹೆಜ್ಜೆ: ಯಾವ ದಿಕ್ಕಿನ ಕಾಡಿನಲ್ಲಿದ್ದೇವೆ ಎಂದು ಗುರುತು ಹಾಕಿಕೊಳ್ಳುವುದು

ಪ್ರಭೇದಗಳಲ್ಲಿ ಶೇಕಡಾ 90ರಷ್ಟು ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿಯೇ ಇವೆ. ಪೂರ್ವ ಕರಾವಳಿ ಮತ್ತು ಅದರ ಹಿಂದಿನ ಬೆಟ್ಟಗಳಲ್ಲಿ ಇರುವವು ಕೆಲವೇ. ಉತ್ತರದ ಉಷ್ಣವಲಯದಲ್ಲಿ ಡೆಂಟಾಟಾ ಇದೆ. ಆಸ್ಟ್ರೇಲಿಯಾದ ಹೊರಗೆ, ನ್ಯೂಗಿನಿಯವರೆಗೆ, ಸಹಜವಾಗಿ ಹರಡಿರುವ ಬ್ಯಾಂಕ್ಸಿಯಾ ಅದೊಂದೇ. ನಡುವೆ ನಲ್ಲರ್‌ಬೋರ್‌ನ ಸುಣ್ಣಕಲ್ಲಿನ ಬಯಲು ಅಡ್ಡಲಾಗಿರುವುದರಿಂದ ದಕ್ಷಿಣ ತೀರದ ಪೂರ್ವದ ಪ್ರಭೇದಗಳು ಪಶ್ಚಿಮದಲ್ಲಾಗಲಿ, ಪಶ್ಚಿಮದವು ಪೂರ್ವದಲ್ಲಾಗಲಿ ಕಾಡುಗಿಡಗಳಾಗಿ ಕಾಣಸಿಗುವುದಿಲ್ಲ. ಹೀಗಾಗಿ ಸಿಡ್ನಿಯ ರಾಯಲ್ ನ್ಯಾಷನಲ್ ಪಾರ್ಕ್‌ನಲ್ಲಿ ನಡೆಯುವವರು ಬೆರಳೆಣಿಕೆಯ ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕಾಗುತ್ತದೆ; ಪರ್ತ್‌ನಿಂದ ದಕ್ಷಿಣಕ್ಕೆ ಸ್ಟರ್ಲಿಂಗ್ ಬೆಟ್ಟಸಾಲಿನ ಕಡೆಗೋ ಫಿಟ್ಜ್‌ಜೆರಾಲ್ಡ್ ನದಿಯ ರಾಷ್ಟ್ರೀಯ ಉದ್ಯಾನದ ಕಡೆಗೋ ಹೊರಟವರಿಗೆ ಆ ಪ್ರದೇಶದ್ದೇ ಕೈಪಿಡಿ ಬೇಕಾಗುತ್ತದೆ. ಉದ್ಯಾನಗಳಲ್ಲಿಯೂ ರಸ್ತೆಬದಿಯಲ್ಲಿಯೂ ನೆಟ್ಟು ಬೆಳೆಸಿದ ಗಿಡಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಗಿಡ ಕಾಡಿನದ್ದೇ, ನೆಟ್ಟದ್ದೇ ಎಂಬುದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಬರೆದಿಡಬೇಕು.

ಇದರ ಜೊತೆಗೆ ನೆಲವನ್ನೂ ನೋಡಬೇಕು. ಕಡಲಂಚಿನ ಮರಳುದಿಬ್ಬ, ಮರಳುಗಲ್ಲಿನ ಬೆಟ್ಟದ ನೆತ್ತಿ, ನೀರು ನಿಲ್ಲುವ ತಗ್ಗು ಈ ಮೂರರಲ್ಲಿ ಮೂರು ಬೇರೆ ಪ್ರಭೇದಗಳು ಇರುವುದು ಸಾಮಾನ್ಯ. ಸಿಡ್ನಿ ಸುತ್ತಮುತ್ತ ಕಡಲಗಾಳಿಗೆ ಮೈಯೊಡ್ಡಿ ನಿಂತ ಮರ ಬಹುಮಟ್ಟಿಗೆ ಕೋಸ್ಟ್ ಬ್ಯಾಂಕ್ಸಿಯಾ ಎನ್ನುವ ಇಂಟೆಗ್ರಿಫೋಲಿಯಾ ಆಗಿರುತ್ತದೆ. ಜೌಗಿನಲ್ಲಿ ಅಗಲವಾದ ಒರಟು ಎಲೆಗಳ ಪೊದೆ ಕಂಡರೆ ಅದು ಸ್ವಾಂಪ್ ಬ್ಯಾಂಕ್ಸಿಯಾ, ಅಂದರೆ ರೋಬರ್, ಆಗಿರುವ ಸಂಭವ ಹೆಚ್ಚು.

ಎರಡನೆಯ ಹೆಜ್ಜೆ: ಬುಡ ಮತ್ತು ತೊಗಟೆ

ಹೂವಿನ ಕಡೆಗೆ ಕಣ್ಣು ಹಾಯಿಸುವ ಮೊದಲು ನೆಲಮಟ್ಟದಲ್ಲಿ ಗಿಡ ಹೇಗೆ ಹೊರಟಿದೆ ಎಂದು ನೋಡಬೇಕು. ಒಂದೇ ಕಾಂಡ ನೆಲದಿಂದ ನೇರವಾಗಿ ಎದ್ದಿದೆಯೇ, ಅಥವಾ ಉಬ್ಬಿದ ಮರಗಡ್ಡೆಯೊಂದರಿಂದ ಹಲವು ಕಾಂಡಗಳು ಹೊರಟಿವೆಯೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಗಡ್ಡೆಯಿರುವ ಗಿಡ ಬೆಂಕಿಯಲ್ಲಿ ಮೇಲಿನ ಭಾಗವೆಲ್ಲ ಸುಟ್ಟರೂ ಮತ್ತೆ ಚಿಗುರುತ್ತದೆ. ಪಶ್ಚಿಮದ ಗಾರ್ಡ್ನರೈ, ರೆಪೆನ್ಸ್, ಪೆಟಿಯೊಲಾರಿಸ್ ಮೊದಲಾದ ಪ್ರಭೇದಗಳ ಕಾಂಡಗಳು ನೆಲದ ಮೇಲೋ ಮಣ್ಣಿನಡಿಯಲ್ಲೋ ಅಡ್ಡಲಾಗಿ ಹರಿದಿರುತ್ತವೆ. ಅವುಗಳ ಎಲೆಗಳೂ ಹೂತೆನೆಗಳೂ ಮಣ್ಣಿನಿಂದಲೇ ಹೊರಟಂತೆ ಕಾಣುತ್ತವೆ. ಇಂತಹವನ್ನು ಹುಡುಕುವಾಗ ಹೆಜ್ಜೆಯಿಡುವ ಜಾಗವನ್ನು ನೋಡಿಕೊಂಡು ನಡೆಯಬೇಕು, ಏಕೆಂದರೆ ಅವು ಮೊದಲು ಸಿಗುವುದು ಕಾಲಡಿಗೆ.

ತೊಗಟೆಯಲ್ಲಿ ಸೆರೇಟಾ ತಪ್ಪದೆ ಗುರುತು ಸಿಗುತ್ತದೆ. ಬೂದುಬಣ್ಣದ, ಗಂಟುಗಂಟಾದ ದಪ್ಪ ತೊಗಟೆಯ ಈ ಮರವನ್ನು ಅಲ್ಲಿಯವರು ಓಲ್ಡ್ ಮ್ಯಾನ್ ಬ್ಯಾಂಕ್ಸಿಯಾ ಎಂದೂ ಕರೆಯುತ್ತಾರೆ. ಅದನ್ನು ಬಹಳವಾಗಿ ಹೋಲುವ ಇಮ್ಯುಲಾದ ತೊಗಟೆಯಲ್ಲಿ ಕಿತ್ತಳೆ ಮಿಶ್ರಿತ ಕಂದು ಛಾಯೆಯಿರುತ್ತದೆ.

ಮೂರನೆಯ ಹೆಜ್ಜೆ: ಎಲೆಯ ಅಂಚು, ತುದಿ, ಬೆನ್ನು

ಪ್ರಭೇದವನ್ನು ತೀರ್ಮಾನಿಸಲು ವರ್ಷವಿಡೀ ಸಿಗುವ ಸಾಕ್ಷ್ಯವೆಂದರೆ ಎಲೆ. ಚೆನ್ನಾಗಿ ಬಲಿತ ಎಲೆಯನ್ನೇ ನೋಡಬೇಕು. ಎಳೆಯ ಗಿಡದಲ್ಲಿ ಹಲ್ಲುಗಳಿದ್ದು ಬೆಳೆದ ಮರದಲ್ಲಿ ನಯವಾಗುವ ಪ್ರಭೇದಗಳಿವೆ, ಇಂಟೆಗ್ರಿಫೋಲಿಯಾ ಅಂತಹದ್ದು. ಅದರ ಬಲಿತ ಎಲೆಗಳು ನಯವಾದ ಅಂಚಿನವಾಗಿ, ಬೆನ್ನಿನಲ್ಲಿ ಬೆಳ್ಳಗಾಗಿ, ಕೊಂಬೆಯ ಸುತ್ತ ಒಂದೊಂದು ಸುತ್ತಿಗೆ ಮೂರರಿಂದ ಐದರಂತೆ ಜೋಡಣೆಯಾಗಿರುತ್ತವೆ. ಸೆರೇಟಾದ ಎಲೆಯಂಚು ಗರಗಸದಂತೆ ಕ್ರಮಬದ್ಧವಾಗಿ ಹಲ್ಲುಳ್ಳದ್ದು. ಎರಿಸಿಫೋಲಿಯಾದ ಎಲೆ ಒಂದೆರಡು ಸೆಂಟಿಮೀಟರಿನಷ್ಟೇ ಉದ್ದದ, ದಾರದಂತಹ ಎಲೆ. ಅದೇ ಕಾಡಿನಲ್ಲಿ ಅದರ ಜೊತೆಯಲ್ಲೇ ಬೆಳೆಯುವ ಹೇರ್‌ಪಿನ್ ಬ್ಯಾಂಕ್ಸಿಯಾದ, ಅಂದರೆ ಸ್ಪಿನುಲೋಸಾದ, ಎಲೆಯೂ ಕಿರಿದೇ, ಆದರೆ ಅದಕ್ಕಿಂತ ಹಲವು ಪಟ್ಟು ಉದ್ದ. ಈ ಎರಡರ ಹೂತೆನೆಗಳನ್ನು ಮಾತ್ರ ನೋಡುವವರು ತಿಂಗಳುಗಟ್ಟಲೆ ಗೊಂದಲದಲ್ಲಿ ಬೀಳುತ್ತಾರೆ. ಎಲೆಯನ್ನು ಅಳತೆಪಟ್ಟಿಯ ಪಕ್ಕ ಇಟ್ಟರೆ ಅರೆಕ್ಷಣದಲ್ಲಿ ವಿಷಯ ಇತ್ಯರ್ಥವಾಗುತ್ತದೆ.

ಪಶ್ಚಿಮದ ಎಲೆಗಳ ವೈವಿಧ್ಯವಂತೂ ನೋಡಿ ತೀರದು. ಪರ್ತ್‌ನ ಬಳಿಯ ಜಾರಾ ಮರಗಳ ಕಾಡಿನಲ್ಲಿ ಬೆಳೆಯುವ ಬುಲ್ ಬ್ಯಾಂಕ್ಸಿಯಾ, ಅಂದರೆ ಗ್ರ್ಯಾಂಡಿಸ್, ಎಲೆ ಮೊಳದಷ್ಟು ಉದ್ದವಾಗಿದ್ದು ನಡುನರದವರೆಗೂ ತ್ರಿಕೋನಾಕಾರದ ಹಾಲೆಗಳಾಗಿ ಸೀಳಿರುತ್ತದೆ. ದಕ್ಷಿಣ ತೀರದ ಸ್ಪೀಸಿಯೋಸಾದಲ್ಲಿಯೂ ಅಂತಹದೇ ಹಾಲೆಗಳಿವೆ, ಆದರೆ ಎಲೆ ತೀರಾ ಕಿರಿದು, ಅಂಚು ಅಂಕುಡೊಂಕಾಗಿ ಓಡುತ್ತದೆ.

ನಾಲ್ಕನೆಯ ಹೆಜ್ಜೆ: ಹೂತೆನೆಯನ್ನು ಮಸೂರದಲ್ಲಿ ನೋಡುವುದು

ದೂರದಿಂದ ಒಂದೇ ಹೂವಿನಂತೆ ಕಾಣುವುದು ನಿಜವಾಗಿ ಗಟ್ಟಿಯಾದ ಮರದ ದಿಂಡಿನ ಸುತ್ತ, ಮುಸುಕಿನ ಜೋಳದ ತೆನೆಯಲ್ಲಿ ಕಾಳು ಕೂತಂತೆ, ಒತ್ತೊತ್ತಾಗಿ ಜೋಡಿಜೋಡಿಯಾಗಿ ಕೂತ ನೂರಾರು, ಕೆಲವು ಪ್ರಭೇದಗಳಲ್ಲಿ ಸಾವಿರಾರು, ಪುಟ್ಟ ಹೂಗಳ ಸಮೂಹ. ಗ್ರ್ಯಾಂಡಿಸ್‌ನ ಒಂದೇ ತೆನೆಯಲ್ಲಿ ಆರು ಸಾವಿರದವರೆಗೂ ಹೂಗಳಿರಬಹುದು. ಇಷ್ಟು ಹೂಗಳಲ್ಲಿ ಕಾಯಿಯಾಗುವುದು ಬೆರಳೆಣಿಕೆಯವು. ಎಷ್ಟೋ ತೆನೆಗಳಲ್ಲಿ ಒಂದೂ ಇಲ್ಲ.

ತೆನೆಯನ್ನು ಮುರಿಯದೆ, ಕೊಂಬೆಯನ್ನು ಮೆಲ್ಲಗೆ ಬಾಗಿಸಿ, ಅರ್ಧ ಅರಳಿದ ಭಾಗಕ್ಕೆ ಮಸೂರ ಹಿಡಿಯಬೇಕು. ಅರಳದ ಹೂವಿನಲ್ಲಿ ನಾಲ್ಕು ದಳಗಳ ತುದಿಗಳು ಸೇರಿಕೊಂಡು ಶಲಾಕೆಯ ತುದಿಯನ್ನು ಹಿಡಿದಿಟ್ಟಿರುತ್ತವೆ. ಶಲಾಕೆ ಉದ್ದವಾಗುತ್ತಾ ಹೋದಂತೆ ನಡುವಿನಲ್ಲಿ ಬಾಗಿ ಕುಣಿಕೆಯಂತೆ ಹೊರಚಾಚುತ್ತದೆ. ಮೊಗ್ಗಿನೊಳಗೆ ಇರುವಾಗಲೇ ಪರಾಗಕೋಶಗಳು ಒಡೆದು ಪರಾಗವನ್ನೆಲ್ಲ ಶಲಾಕೆಯ ತುದಿಗೆ ಸವರಿಬಿಟ್ಟಿರುತ್ತವೆ. ದಳಗಳು ಬಿಚ್ಚಿಕೊಂಡ ಕ್ಷಣದಲ್ಲಿ ಶಲಾಕೆ ಚಿಮ್ಮಿ ಹೊರಬರುತ್ತದೆ, ತುದಿಯಲ್ಲಿ ಹಳದಿ ಪರಾಗದ ಹುಡಿ ಸಮೇತ. ಮಕರಂದಕ್ಕೆ ಮೂತಿ ಚಾಚುವ ಹಕ್ಕಿಯ ಅಥವಾ ಪ್ರಾಣಿಯ ತಲೆಗೆ ಆ ಹುಡಿ ಅಂಟಿಕೊಳ್ಳುತ್ತದೆ. ಅದೇ ಹೂವಿನ ಶಲಾಕಾಗ್ರ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುದು ಅನಂತರ. ಅಷ್ಟರೊಳಗೆ ಸ್ವಂತ ಪರಾಗ ಬಹುಮಟ್ಟಿಗೆ ಸಾಗಿಹೋಗಿರುತ್ತದೆ. ಇದೆಲ್ಲವನ್ನೂ ಒಂದೇ ತೆನೆಯಲ್ಲಿ, ಮೊಗ್ಗು, ಕುಣಿಕೆ, ಚಿಮ್ಮಿದ ಶಲಾಕೆ ಎಂದು ಸಾಲಾಗಿ ನೋಡಬಹುದು. ಪಶ್ಚಿಮದ ಮೆನ್ಜೀಸಿಐ ಮತ್ತು ಪ್ರಿಯೋನೋಟಿಸ್ ಇದಕ್ಕೆ ಅತ್ಯುತ್ತಮ, ಏಕೆಂದರೆ ಅವುಗಳ ತೆನೆ ಬುಡದಿಂದ ಮೇಲಕ್ಕೆ ಅರಳುತ್ತದೆ, ಅರಳಿದ ಮತ್ತು ಅರಳದ ಭಾಗಗಳ ಬಣ್ಣ ಸ್ಪಷ್ಟವಾಗಿ ಬೇರೆಯಿರುತ್ತದೆ. ತುದಿಯಿಂದ ಕೆಳಕ್ಕೆ ಅರಳುವ ಪ್ರಭೇದಗಳೂ ಇವೆ. ಅರಳುವ ದಿಕ್ಕನ್ನು ಬರೆದಿಟ್ಟುಕೊಳ್ಳುವುದು ಗುರುತಿಸುವಿಕೆಗೆ ಸಹಾಯಕ.

ಶಲಾಕೆಯ ಬಗ್ಗೆ ಎರಡು ಸಂಗತಿಗಳನ್ನು ದಾಖಲಿಸಬೇಕು. ಅರಳಿದ ಮೇಲೆ ಅದು ನೆಟ್ಟಗಾಗುತ್ತದೆಯೇ, ಕೊಕ್ಕೆಯಂತೆ ಬಾಗಿಯೇ ಉಳಿಯುತ್ತದೆಯೇ ಎಂಬುದು ಒಂದು. ಎರಿಸಿಫೋಲಿಯಾ ಮತ್ತು ಸ್ಪಿನುಲೋಸಾಗಳಲ್ಲಿ ಅದು ಕೊಕ್ಕೆ. ಪರಾಗ ಹೊತ್ತ ತುದಿಯ ಆಕಾರ ಇನ್ನೊಂದು. ತೊಗಟೆಯ ಬಣ್ಣದಿಂದ ತೀರ್ಮಾನವಾಗದಿದ್ದರೆ ಸೆರೇಟಾ ಮತ್ತು ಇಮ್ಯುಲಾಗಳನ್ನು ಇದರಿಂದಲೇ ಬೇರ್ಪಡಿಸಬೇಕಾಗುತ್ತದೆ: ಸೆರೇಟಾದಲ್ಲಿ ತುದಿ ನೂಲುವ ಕದಿರಿನ ಆಕಾರದ್ದು, ತುಸು ಉದ್ದ; ಇಮ್ಯುಲಾದಲ್ಲಿ ಮೋಟು ಶಂಕುವಿನಂತಹದ್ದು.

ಬಣ್ಣವನ್ನು ಮಾತ್ರ ನಂಬಬಾರದು. ಫೈರ್‌ವುಡ್ ಬ್ಯಾಂಕ್ಸಿಯಾ ಎಂದು ಕರೆಯುವ ಮೆನ್ಜೀಸಿಐ ಒಂದೇ ಕಾಡಿನಲ್ಲಿ ಗುಲಾಬಿ, ಕೆಂಪು, ಕಂಚು, ಅಪರೂಪಕ್ಕೆ ಹಳದಿ ಬಣ್ಣಗಳಲ್ಲಿ ಅರಳುತ್ತದೆ. ಇಲಿಸಿಫೋಲಿಯಾದಲ್ಲಿ ಒಂದೇ ಹೂಗುಚ್ಛ ಹಳದಿಯಾಗಿ ಅರಳಿ, ದಿನಗಳು ಕಳೆದಂತೆ ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಮಕರಂದವಿರುವುದು ಹಳದಿಯಲ್ಲಿ ಎಂಬುದನ್ನು ಅರಿತ ಜೇನುಗುಟುಕ ಹಕ್ಕಿಗಳು ಹಳದಿಯನ್ನೇ ಆರಿಸಿಕೊಳ್ಳುತ್ತವೆ. ಈ ಇಲಿಸಿಫೋಲಿಯಾದಲ್ಲಿ ಉದ್ದನೆಯ ತೆನೆಯಿಲ್ಲ, ಗುಮ್ಮಟದಂತಹ ಗುಚ್ಛವಿದೆ. ಡ್ರಯಾಂಡ್ರಾದಿಂದ ಬಂದ ಪ್ರಭೇದಗಳಲ್ಲಿಯೂ ಹೂಗಳು ಗುಚ್ಛವಾಗಿಯೇ ಇರುತ್ತವೆ. ಆದ್ದರಿಂದ ತೆನೆಯಿಲ್ಲವೆಂಬ ಒಂದೇ ಕಾರಣಕ್ಕೆ ಇದು ಬ್ಯಾಂಕ್ಸಿಯಾ ಅಲ್ಲ ಎಂದು ತಳ್ಳಿಹಾಕುವಂತಿಲ್ಲ.

ಐದನೆಯ ಹೆಜ್ಜೆ: ಹಳೆಯ ದಿಂಡು ಮತ್ತು ಕಾಯಿ

ಈ ಹೆಜ್ಜೆಗೆ ಉಳಿದವುಗಳಿಗಿಂತ ಹೆಚ್ಚು ಸಮಯ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಒಣಗಿದ ದಿಂಡಿನ ಮೇಲೆ ಹಳೆಯ ಹೂಗಳು ಬೂದು ಕೂದಲಿನಂತೆ ಉಳಿದಿವೆಯೇ, ಉದುರಿ ದಿಂಡು ಬೋಳಾಗಿದೆಯೇ ಎಂದು ಮೊದಲು ನೋಡಬೇಕು. ಸೆರೇಟಾದಲ್ಲಿ ಉಳಿಯುತ್ತವೆ, ಇಂಟೆಗ್ರಿಫೋಲಿಯಾದಲ್ಲಿ ಬೇಗ ಉದುರುತ್ತವೆ. ಆಮೇಲೆ ಕಾಯಿಗಳನ್ನು ನೋಡಬೇಕು. ಒಂದೊಂದು ಕಾಯಿಯೂ ಎರಡು ಗಟ್ಟಿ ಚಿಪ್ಪುಗಳಿಂದ ಆದದ್ದು. ಒಳಗೆ ರೆಕ್ಕೆಯುಳ್ಳ ಎರಡು ಬೀಜಗಳು, ಅವುಗಳ ನಡುವೆ ಮರದಂತೆ ಗಟ್ಟಿಯಾದ ಒಂದು ತೆಳು ವಿಭಾಜಕ.

ಚಿಪ್ಪುಗಳು ಮುಚ್ಚಿಕೊಂಡಿವೆಯೋ ತೆರೆದಿವೆಯೋ ಎಂಬುದೇ ಇಲ್ಲಿ ನಿರ್ಣಾಯಕ. ಅನೇಕ ಬ್ಯಾಂಕ್ಸಿಯಾಗಳ ಕಾಯಿಗಳು ಬಲಿತ ಮೇಲೂ ವರ್ಷಗಟ್ಟಲೆ ಬಿಗಿಯಾಗಿ ಮುಚ್ಚಿಯೇ ಇದ್ದು, ಬೀಜಗಳನ್ನು ಗಿಡದ ಮೇಲೆಯೇ ಕಾಪಿಟ್ಟುಕೊಂಡಿರುತ್ತವೆ. ಕಾಳ್ಗಿಚ್ಚಿನ ಬಿಸಿಗೆ ಚಿಪ್ಪುಗಳನ್ನು ಬೆಸೆದಿರುವ ರಾಳ ಕರಗಿ ಅವು ಬಾಯಿ ತೆರೆಯುತ್ತವೆ. ಆದರೆ ಬೀಜಗಳು ಆಗಲೇ ಉದುರುವುದಿಲ್ಲ. ಮಳೆ ಬಂದಾಗ ವಿಭಾಜಕ ನೆನೆದು ಹಿಗ್ಗುತ್ತದೆ, ಒಣಗಿದಾಗ ಬಾಗುತ್ತದೆ. ಈ ನೆನೆಯುವ, ಒಣಗುವ ಆವರ್ತನದಲ್ಲಿ ಅದು ಬೀಜಗಳನ್ನು ಸ್ವಲ್ಪಸ್ವಲ್ಪವೇ ಹೊರಕ್ಕೆ ಮೀಟುತ್ತದೆ. ಬೆಂಕಿಯ ಮರುದಿನ ಬಿಸಿ ಬೂದಿಯ ಮೇಲೆ ಬಿದ್ದು ಹಾಳಾಗಬಹುದಾದ ಬೀಜ ಹೀಗೆ ಮಳೆಯ ನಂತರ ತೇವದ ನೆಲಕ್ಕೆ ಬೀಳುತ್ತದೆ. ಬೆಂಕಿಯೊಂದಿಗೆ ಮಳೆಯನ್ನೂ ಲೆಕ್ಕಕ್ಕೆ ಹಿಡಿದ ಈ ಏರ್ಪಾಟಿನಷ್ಟು ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಸಸ್ಯಲೋಕದಲ್ಲಿ ನನಗೆ ಬೇರೆ ಕಂಡಿಲ್ಲ.

ಎಲ್ಲ ಪ್ರಭೇದಗಳೂ ಬೆಂಕಿಗೆ ಕಾಯುವುದಿಲ್ಲ. ಇಂಟೆಗ್ರಿಫೋಲಿಯಾದ ಕಾಯಿಗಳು ಬಲಿತೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಅದರ ದಿಂಡುಗಳಲ್ಲಿ ಖಾಲಿ ಚಿಪ್ಪುಗಳೇ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ಇನ್ನು ತಾಯಿಗಿಡದ ಗತಿಯನ್ನು ಎರಡನೆಯ ಹೆಜ್ಜೆಯ ಟಿಪ್ಪಣಿಯೊಂದಿಗೆ ಜೋಡಿಸಿ ಓದಬೇಕು. ಸೆರೇಟಾ ದಪ್ಪ ತೊಗಟೆಯಡಿಯ ಮೊಗ್ಗುಗಳಿಂದ ಮತ್ತೆ ಚಿಗುರುತ್ತದೆ. ಪಶ್ಚಿಮದ ಅಟೆನ್ಯುಯೇಟಾ, ಮೆನ್ಜೀಸಿಐ ಸಹ ಬದುಕುಳಿಯುತ್ತವೆ. ಎರಿಸಿಫೋಲಿಯಾ ಮತ್ತು ಹೂಕೆರಿಯಾನಾ ಬೆಂಕಿಯಲ್ಲಿ ಸಾಯುತ್ತವೆ. ಅವುಗಳ ಮುಂದಿನ ತಲೆಮಾರು ಸಂಪೂರ್ಣವಾಗಿ ಆ ಮುಚ್ಚಿದ ಕಾಯಿಗಳೊಳಗಿದೆ. ಇಂತಹ ಪ್ರಭೇದದ ಕಾಡಿಗೆ ಒಂದು ಬೆಂಕಿ ಬಿದ್ದು, ಹೊಸ ಸಸಿಗಳು ಬೆಳೆದು ಹೂಬಿಟ್ಟು ಕಾಯಿ ಕೂಡಿಡುವ ಮೊದಲೇ ಇನ್ನೊಂದು ಬೆಂಕಿ ಬಿದ್ದರೆ ಆ ಜಾಗದಿಂದ ಅದು ಅಳಿದುಹೋಗಬಹುದು. ಬೆಂಕಿ ಬ್ಯಾಂಕ್ಸಿಯಾಕ್ಕೆ ಒಳ್ಳೆಯದು ಎಂಬ ಸಲೀಸಾದ ಮಾತು ಅಪೂರ್ಣವಾಗುವುದು ಇಲ್ಲಿಯೇ. ಎರಡು ಬೆಂಕಿಗಳ ನಡುವಿನ ಅಂತರ ಎಷ್ಟು ಎಂಬುದನ್ನು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ಕಾಳ್ಗಿಚ್ಚು ಹಾದುಹೋಗಿ ಒಂದು ಮಳೆಗಾಲ ಕಳೆದ ಜಾಗಕ್ಕೆ, ಪ್ರವೇಶಕ್ಕೆ ಅನುಮತಿಯಿದ್ದರೆ, ಹೋಗಿ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಕಪ್ಪಾದ ನೆಲದಲ್ಲಿ ದಪ್ಪನಾದ, ಅಗಲ ತುದಿಯ ಎರಡು ಬೀಜದಳಗಳ ಸಸಿಗಳು ಕಾಣುತ್ತವೆ. ಬೀಜದಳದ ಬುಡದಲ್ಲಿ ಎರಡೂ ಬದಿಗೆ ಕಿವಿಯಂತಹ ಸಣ್ಣ ಚಾಚುಗಳಿದ್ದು, ಮೇಲೆ ಬರುವ ಮೊದಲ ಎಲೆಗಳ ಅಂಚಿನಲ್ಲಿ ಹಲ್ಲುಗಳಿದ್ದರೆ ಅದು ಬ್ಯಾಂಕ್ಸಿಯಾ ಎಂದು ತಿಳಿಯಬಹುದು.

ಆರನೆಯ ಹೆಜ್ಜೆ: ಯಾರು ಬರುತ್ತಾರೆ ಎಂದು ಕಾದು ನೋಡುವುದು

ಬೆಳಗಿನ ಹೊತ್ತು ಅರಳಿದ ಗಿಡದಿಂದ ಹತ್ತಿಪ್ಪತ್ತು ಅಡಿ ದೂರ ಕುಳಿತರೆ ಜೇನುಗುಟುಕ ಹಕ್ಕಿಗಳು ಬಂದೇ ಬರುತ್ತವೆ. ಕತ್ತಲಾದ ಮೇಲೆ ಬರುವವು ಬೇರೆ: ಪೂರ್ವದಲ್ಲಿ ಪಿಗ್ಮಿ ಪಾಸಮ್, ಶುಗರ್ ಗ್ಲೈಡರ್ ಎಂಬ ಪುಟ್ಟ ಚೀಲಹೊಟ್ಟೆಯ ಪ್ರಾಣಿಗಳು, ಹಣ್ಣುಬಾವಲಿಗಳು, ಪಶ್ಚಿಮದಲ್ಲಿ ಹನಿ ಪಾಸಮ್. ಹತ್ತು ಗ್ರಾಂ ಆಸುಪಾಸಿನ ತೂಕದ ಈ ಪುಟ್ಟ ಪ್ರಾಣಿ ನೈಋತ್ಯ ಆಸ್ಟ್ರೇಲಿಯಾದಲ್ಲಿ ಮಾತ್ರವಿದ್ದು, ಮಕರಂದ ಮತ್ತು ಪರಾಗವನ್ನಷ್ಟೇ ತಿಂದು ಬದುಕುತ್ತದೆ. ಹಾಗೆ ಬದುಕಬೇಕಾದರೆ ವರ್ಷದ ಎಲ್ಲ ತಿಂಗಳೂ ಎಲ್ಲಾದರೂ ಹೂವಿರಬೇಕು. ಪರ್ತ್ ಸುತ್ತಲಿನ ಮರಳು ನೆಲದಲ್ಲಿ ಮೆನ್ಜೀಸಿಐ ಶರತ್ಕಾಲ ಮತ್ತು ಚಳಿಗಾಲದಲ್ಲಿಯೂ ಅಟೆನ್ಯುಯೇಟಾ ವಸಂತ ಮತ್ತು ಬೇಸಗೆಯಲ್ಲಿಯೂ ಅರಳಿ ಮಕರಂದಕ್ಕೆ ಬಿಡುವಿಲ್ಲದಂತೆ ಮಾಡುತ್ತವೆ. ಋತುಗಳು ನಮ್ಮವುಗಳಿಗೆ ತಿರುಗುಮುರುಗು ಎಂಬುದನ್ನು ನೆನಪಿಡಬೇಕು. ದಿಂಡುಗಳು ಕಚ್ಚಿ ಸೀಳಿದಂತಿದ್ದರೆ ಅದು ಬೀಜಕ್ಕೂ ಒಳಗಿನ ಹುಳುಗಳಿಗೂ ಬರುವ, ಗಿಳಿಯ ಜಾತಿಯ ಕಪ್ಪು ಕಾಕಟೂಗಳ ಕೆಲಸ. ಅಳಿವಿನ ಅಂಚಿನಲ್ಲಿರುವ ಕಾರ್ನಬಿ ಕಪ್ಪು ಕಾಕಟೂ ಈ ಕಾಡುಗಳನ್ನು ಆಹಾರಕ್ಕಾಗಿ ನೆಚ್ಚಿಕೊಂಡಿದೆ. ನಗರ ಬೆಳೆದಂತೆ ಕರಗುತ್ತಿರುವ ಪರ್ತ್ ಬಯಲಿನ ಈ ಬ್ಯಾಂಕ್ಸಿಯಾ ಕಾಡನ್ನೇ ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ಅಪಾಯಕ್ಕೊಳಗಾದ ಪರಿಸರ ಸಮುದಾಯವೆಂದು ಪಟ್ಟಿಗೆ ಸೇರಿಸಿತು.

ಬೂಟಿನ ಮಣ್ಣು

ಇಲ್ಲಿಯವರೆಗಿನ ಯಾವ ಹೆಜ್ಜೆಯನ್ನು ಬಿಟ್ಟರೂ ನಷ್ಟ ನೋಡುವವರದ್ದು ಮಾತ್ರ; ಇದನ್ನು ಬಿಟ್ಟರೆ ನಷ್ಟ ಕಾಡಿನದ್ದು. ಫೈಟಾಫ್ತೊರಾ ಸಿನ್ನಮೋಮಿ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಮಣ್ಣು ಮತ್ತು ನೀರಿನ ಮೂಲಕ ಹರಡಿ ಬೇರುಗಳನ್ನು ಕೊಳೆಸುತ್ತದೆ. ಅಲ್ಲಿ ಡೈಬ್ಯಾಕ್ ಎಂದು ಕರೆಯುವ ಈ ರೋಗಕ್ಕೆ ಪಶ್ಚಿಮದ ಬಹುಪಾಲು ಬ್ಯಾಂಕ್ಸಿಯಾಗಳು ಸುಲಭವಾಗಿ ತುತ್ತಾಗುತ್ತವೆ; ದಕ್ಷಿಣ ತೀರದ ಬ್ಯಾಂಕ್ಸಿಯಾ ಬ್ರೌನಿಐ ಇದರಿಂದಾಗಿಯೇ ವಿನಾಶದ ಅಂಚಿಗೆ ಬಂದಿದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲದ ಪರಿಚಯ ಚೆನ್ನಾಗಿಯೇ ಇದೆ. ಅಡಿಕೆಯ ಕೊಳೆರೋಗ ಫೈಟಾಫ್ತೊರಾದಿಂದ ಬರುತ್ತದೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ವಿವರಿಸಿದ್ದರು. ಕಾಳುಮೆಣಸಿನ ಸೊರಗು ರೋಗವೂ ಅದೇ ಕುಲದ ಇನ್ನೊಂದು ಪ್ರಭೇದದ ಕೆಲಸ. ಅಡಿಕೆ ಗೊನೆಗೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆದು ಬೆಳೆಯನ್ನು ಉಳಿಸಿಕೊಳ್ಳಬಹುದು. ಲಕ್ಷಾಂತರ ಎಕರೆ ಕಾಡಿಗೆ ಹಾಗೆ ಮಾಡುವುದು ಸಾಧ್ಯವಿಲ್ಲ. ಆಯ್ದ ಜಾಗಗಳಲ್ಲಿ ಫಾಸ್ಫೈಟ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ರೋಗವನ್ನು ತಡೆಹಿಡಿಯುತ್ತಾರೆ, ಆದರೆ ಒಮ್ಮೆ ಮಣ್ಣಿಗೆ ಸೇರಿದ ಸೂಕ್ಷ್ಮಜೀವಿಯನ್ನು ಅಲ್ಲಿಂದ ತೆಗೆದುಹಾಕಲಾಗುವುದಿಲ್ಲ.

ಆದ್ದರಿಂದ ಕಾಡಿಗೆ ಹೋಗುವಾಗಲೂ ಬರುವಾಗಲೂ ಬೂಟಿನ ಅಡಿಯ ಮಣ್ಣನ್ನು ಕೆರೆದು ಉಜ್ಜಬೇಕು. ದಾರಿಯ ಆರಂಭದಲ್ಲಿ ಬ್ರಷ್ ಮತ್ತು ಸೋಂಕುನಾ‌ಶಕ ಇಟ್ಟಿರುವ ಕಟ್ಟೆಯಿದ್ದರೆ ತಪ್ಪದೆ ಬಳಸಬೇಕು, ಗುರುತು ಮಾಡಿದ ದಾರಿಯಿಂದ ಆಚೀಚೆ ಹೋಗಬಾರದು, ಮಳೆ ಬಂದು ಕೆಸರಾದ ದಿನ ಪ್ರವಾಸವನ್ನೇ ಮುಂದೂಡುವುದು ಉತ್ತಮ. ಹೂವನ್ನಾಗಲಿ ದಿಂಡನ್ನಾಗಲಿ ರಾಷ್ಟ್ರೀಯ ಉದ್ಯಾನದಿಂದ ಕೀಳುವುದು ಕಾನೂನಿಗೆ ವಿರುದ್ಧ.

ಅಂಗಳದಲ್ಲಿ ಬೆಳೆಸುವವರಿಗೆ

ಆಸ್ಟ್ರೇಲಿಯಾದಲ್ಲಿ ಮನೆಯಂಗಳ ಇರುವವರು ಮೊದಲು ಪೂರ್ವದ ಪ್ರಭೇದದಿಂದ ಆರಂಭಿಸುವುದು ಸೂಕ್ತ. ಇಂಟೆಗ್ರಿಫೋಲಿಯಾ, ಸ್ಪಿನುಲೋಸಾ, ರೋಬರ್ ತೇವವನ್ನೂ ಬೇರುಕೊಳೆತವನ್ನೂ ಪಶ್ಚಿಮದವುಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಪಶ್ಚಿಮದ ಸುಂದರ ಪ್ರಭೇದಗಳನ್ನು ಇಂಟೆಗ್ರಿಫೋಲಿಯಾದ ಬೇರಿನ ಮೇಲೆ ಕಸಿ ಕಟ್ಟುವ ಪ್ರಯತ್ನಗಳು ನಡೆದಿರುವುದು ಇದಕ್ಕಾಗಿಯೇ.

ನರ್ಸರಿಯಿಂದ ಅಥವಾ ಸ್ವಂತ ಗಿಡದಿಂದ ಮುಚ್ಚಿದ ಕಾಯಿಗಳ ದಿಂಡು ಸಿಕ್ಕರೆ ಅದನ್ನು 120ರಿಂದ 140 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಡಬೇಕು. ಚಿಪ್ಪುಗಳು ಟಪ್ಪೆಂದು ತೆರೆಯುವ ಸದ್ದು ಕೇಳುತ್ತದೆ. ಬೀಜ ಸಡಿಲವಾಗದಿದ್ದರೆ ದಿಂಡನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮತ್ತೆ ಒಣಗಿಸಿ, ಚಿಮಟದಿಂದ ವಿಭಾಜಕವನ್ನು ಎಳೆದು ತೆಗೆಯಬೇಕು. ಮರಳು ಹೆಚ್ಚಿರುವ, ನೀರು ನಿಲ್ಲದ ಮಿಶ್ರಣದಲ್ಲಿ ಬೀಜವನ್ನು ಅದರ ಗಾತ್ರದಷ್ಟೇ ಆಳಕ್ಕೆ ಊರಿ, ಹಗಲಿನ ತಾಪಮಾನ 20 ಡಿಗ್ರಿಯ ಒಳಗಿರುವ ಶರತ್ಕಾಲದಲ್ಲಿ ಇಟ್ಟರೆ ಕೆಲವು ವಾರಗಳಲ್ಲಿ ಮೊಳೆಯುತ್ತದೆ.

ಗೊಬ್ಬರದ ವಿಷಯದಲ್ಲಿ ನಮ್ಮ ರೂಢಿಯನ್ನು ಪೂರ್ತಿ ಬಿಡಬೇಕು. ಬ್ಯಾಂಕ್ಸಿಯಾಗಳು ಬೆಳೆದುಬಂದದ್ದು ರಂಜಕ ತೀರಾ ಕಡಿಮೆಯಿರುವ ಹಳೆಯ, ತೊಳೆದುಹೋದ ಮಣ್ಣಿನಲ್ಲಿ. ಮೇಲ್ಮಣ್ಣಿನಲ್ಲಿ ಅವು ಸಣ್ಣ ಬೇರುಗಳ ದಟ್ಟವಾದ ಹಾಸುಗಳನ್ನು ಹೊರಡಿಸಿ, ಅವುಗಳಿಂದ ಸಾವಯವ ಆಮ್ಲಗಳನ್ನು ಸ್ರವಿಸಿ, ಮಣ್ಣಿನ ಕಣಗಳಿಗೆ ಅಂಟಿಕೊಂಡ ರಂಜಕವನ್ನು ಬಿಡಿಸಿ ಹೀರಿಕೊಳ್ಳುತ್ತವೆ. ರಂಜಕ ಧಾರಾಳವಾಗಿ ಸಿಕ್ಕಾಗ ಹೀರುವುದನ್ನು ತಗ್ಗಿಸಿಕೊಳ್ಳುವ ಶಕ್ತಿ ಅನೇಕ ಪ್ರಭೇದಗಳಿಗೆ ಇಲ್ಲ. ಎಲೆ ಹಳದಿಯಾಗಿ, ಅಂಚು ಸುಟ್ಟಂತಾಗಿ ಗಿಡ ಸಾಯುತ್ತದೆ. ಕೋಳಿ ಗೊಬ್ಬರ, ಮೂಳೆ ಹುಡಿ, ಸೂಪರ್ ಫಾಸ್ಫೇಟ್ ಇವನ್ನು ಹತ್ತಿರ ಸುಳಿಯಗೊಡಬಾರದು. ಸ್ಥಳೀಯ ಗಿಡಗಳಿಗೆಂದೇ ಮಾರುವ ಕಡಿಮೆ ರಂಜಕದ ಗೊಬ್ಬರವನ್ನು ಮಿತವಾಗಿ ಕೊಟ್ಟರೆ ಸಾಕು. ಬುಡದ ಸುತ್ತ ಅಗೆಯುವುದನ್ನೂ ಬಿಡಬೇಕು, ಏಕೆಂದರೆ ಆ ಬೇರಿನ ಹಾಸುಗಳು ಇರುವುದು ಮಣ್ಣಿನ ಮೇಲ್ಪದರದಲ್ಲಿಯೇ.

ಊರಿಗೆ ಬರುವಾಗ ಬೀಜ ಅಥವಾ ದಿಂಡನ್ನು ಸೂಟ್‌ಕೇಸಿನಲ್ಲಿ ತರಬೇಕೆಂಬ ಆಸೆ ಸಹಜವಾದರೂ ಹಾಗೆ ತರಬಾರದು. ಭಾರತಕ್ಕೆ ಸಸ್ಯ ಮತ್ತು ಬೀಜಗಳನ್ನು ತರುವುದು 2003ರ ಸಸ್ಯ ಸಂಪರ್ಕನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ವ್ಯಾಪ್ತಿಗೆ ಬರುತ್ತದೆ. ಅದಕ್ಕೆ ಇಲ್ಲಿಯ ಆಮದು ಪರವಾನಗಿಯೂ ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ದಿಂಡಿನ ನಾಲ್ಕೂ ಬದಿಯ ಚಿತ್ರ, ಎಲೆಯ ಬೆನ್ನಿನ ಚಿತ್ರ, ಅಳತೆ, ಜಾಗ, ದಿನಾಂಕ ಇಷ್ಟನ್ನು ಟಿಪ್ಪಣಿ ಪುಸ್ತಕದೊಂದಿಗೆ ತಂದರೆ ಪ್ರಭೇದವನ್ನು ಮನೆಯಲ್ಲಿ ಕುಳಿತು ನಿಧಾನವಾಗಿ ತೀರ್ಮಾನಿಸಬಹುದು.